ಮೇಲೆ ಹೊಲಿದ ಗುಂಡಿಗಳು

"ಏ, ಬಾರೇ ಇಲ್ಲಿ! ನಿನ್ನ ಮಗ ತಾನೇ ಗುಂಡಿ ಹಾಕ್ಕೊಂಡಿದಾನೆ, ನೋಡು!" ವಾರಗಟ್ಟಲೆ ಲಾರಿ ಓಡಿಸಿ ಆಗಷ್ಟೇ ಮನೆ ಸೇರಿದ್ದ ಅಪ್ಪ, ಟವೆಲು ಹಿಡಿದೇ ಕೂಗಿದ. ಅವನು ಮುಖ ತೊಳೆದು ಬರುವಷ್ಟರಲ್ಲಿ, ಮಂಚದ ಅಂಚಿನಲ್ಲಿ ಕುಳಿತಿದ್ದ ಮಗನ ಶಾಲೆಯ ಅಂಗಿ ಕತ್ತಿನಿಂದ ಹೊಟ್ಟೆಯವರೆಗೆ ಅಚ್ಚುಕಟ್ಟಾಗಿ ಮುಚ್ಚಿತ್ತು.

ಬಾಗಿಲಿಗೆ ಬಂದ ಅಮ್ಮ ಹೊಸ್ತಿಲಲ್ಲೇ ನಿಂತಳು. ಕಾಯಿಲೆ ಮಗುವಿನ ಬೆರಳುಗಳ ಬಲವನ್ನು ಸ್ವಲ್ಪಸ್ವಲ್ಪವೇ ಹೀರುತ್ತಿತ್ತು. ಹೋದ ವರ್ಷ ಹಟ ಹಿಡಿದು ಅವನಿಗೆ ಗುಂಡಿ ಹಾಕಲು ಕಲಿಸಿದ್ದ ಥೆರಪಿ ಮೇಡಂ, ಹೋದ ವಾರ ಅದೇ ಅಂಗಿಯ ಕಾಜಗಳನ್ನೆಲ್ಲ ಹೊಲಿದು ಮುಚ್ಚಿಸಿದ್ದರು. ಒಳಗೆ ವೆಲ್ಕ್ರೋ ಪಟ್ಟಿ, ಅಂಗೈಯಿಂದ ಒತ್ತಿದರೆ ಸಾಕು. ಗುಂಡಿಗಳು ಮೇಲೆ ಬರೀ ತೋರಿಕೆಗೆ. "ಶಾಲೇಲಿ ಯಾರಿಗೂ ಗೊತ್ತಾಗಲ್ಲ. ತಾನೇ ಅಂಗಿ ಹಾಕ್ಕೊಳ್ಳೋ ಖುಷಿನಾದ್ರೂ ಅವನಿಗೆ ಉಳೀಲಿ," ಅಂದಿದ್ದರು. ಇದನ್ನು ಗಂಡನಿಗೆ ಫೋನಿನಲ್ಲಿ ಹೇಳಲು ಅವಳಿಗೆ ನಾಲಿಗೆಯೇ ಏಳಲಿಲ್ಲ.

"ನಾನು ಹೇಳಿರ್ಲಿಲ್ವಾ, ನಮ್ಮ ಹುಲಿಮರಿ ಹುಷಾರಾಗ್ತಾನೆ ಅಂತ! ಆ ಡಾಕ್ಟ್ರಿಗೇನು ಗೊತ್ತು!" ಅಪ್ಪ ಮಗನನ್ನು ಎತ್ತಿ ಹೆಗಲಿಗೆ ಹಾಕಿಕೊಂಡು ಮನೆ ತುಂಬ ಕುಣಿದ. ಕಣ್ಣೊರೆಸಿಕೊಂಡ, ಮತ್ತೆ ಕುಣಿದ. ಇನ್ನೂ ಮುಚ್ಚಿಡುವುದು ಸರಿಯಲ್ಲ ಎನ್ನಿಸಿ ಅಮ್ಮ "ರೀ..." ಎಂದು ಬಾಯಿ ತೆರೆದಳು.

ಅಪ್ಪನ ಹೆಗಲ ಮೇಲಿಂದ ಮಗ ಅವಳನ್ನೇ ನೋಡುತ್ತಿದ್ದ. ಹೇಳಬೇಡ ಎನ್ನಲು ತುಟಿಯ ಮೇಲೆ ಬೆರಳಿಡಹೋದ. ಬೆರಳು ನೆಟ್ಟಗಾಗಲಿಲ್ಲ. ಮುದುಡಿದ ಮುಷ್ಟಿಯನ್ನೇ ತಂದು ತುಟಿಗೆ ಒತ್ತಿ ಹಿಡಿದ.