ಎರಡು ಕೊರಡು

ಕಾರಿನ ಕೆಳಗೆ ಕೊರಡು ಇರಲಿಲ್ಲ.

ಓಣಿಯ ತುದಿಯಿಂದ ಫೋನು ಮುಗಿಸಿ ಬಂದ ಸುಭಾಷ್ ಇನ್ನೇನು ತಲೆ ಒಳಗಿಡಬೇಕು, ಅಷ್ಟರಲ್ಲಿ ಅದು ಕಣ್ಣಿಗೆ ಬಿತ್ತು. ಎರಡೂ ಇಲ್ಲ. ಮುಂದಿನ ಎಡಗಾಲಿ ಬಿಚ್ಚಿದ ಗಾಡಿ ಬರೀ ಜಾಕಿನ ಮೇಲೆ ನಿಂತಿತ್ತು. ಜಾಕಿನ ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದವನು ಪ್ರೇಮಕುಮಾರ. ಒಡಹುಟ್ಟಿದ ತಮ್ಮ, ಎರಡು ವರ್ಷದಿಂದ ಮಾತು ಬಿಟ್ಟವನು.

ಗಾಡಿ ಎತ್ತುವ ವಿದ್ಯೆಯಲ್ಲಿ ಬನಹಟ್ಟಿಯ ಆ ಓಣಿಗೆಲ್ಲ ಸುಭಾಷನೇ ಗುರು. ನೆಲ ಸಮ ಇರಬೇಕು. ಹ್ಯಾಂಡ್ ಬ್ರೇಕ್ ಹಾಕಿ ಗೇರಿನಲ್ಲಿ ನಿಲ್ಲಿಸಬೇಕು. ಹಿಂದಿನ ಗಾಲಿಗೆ ಕಲ್ಲು ಕೊಡಬೇಕು. ಗಾಲಿ ನೆಲದ ಮೇಲಿದ್ದಾಗಲೇ ನಟ್ಟು ಸಡಿಲಿಸಬೇಕು. ಎತ್ತಿದ ಮೇಲೆ ಕೆಳಗೆ ಕೊರಡು ಕೊಟ್ಟು, ಗಾಡಿಯನ್ನೊಮ್ಮೆ ಅಲುಗಿಸಿ ನೋಡಿ, ಆಮೇಲೆ ತಲೆ ಒಳಗಿಡಬೇಕು. "ಜಾಕು ಇರೂದು ಎತ್ತಾಕ, ಹೊರಾಕ ಅಲ್ಲ" ಎಂದು ಕೇಳಿದವರಿಗೂ ಹೇಳುತ್ತಿದ್ದ, ಕೇಳದವರಿಗೂ ಹೇಳುತ್ತಿದ್ದ. ಕೊರಡು ಕೊಡದೆ ಅವನು ಗಾಡಿಯ ಕೆಳಗೆ ಹೋದದ್ದನ್ನು ಯಾರೂ ಕಂಡಿರಲಿಲ್ಲ.

ಕೊರಡುಗಳೂ ಅಂಥಿಂಥವಲ್ಲ. ತೀರಿಕೊಂಡ ತಂದೆ ಮಹಾಲಿಂಗಪ್ಪನ ಕೈಮಗ್ಗದ ಕಾಲು ಕೊಯ್ದು ಮಾಡಿದವು. ಪಾಲಾಗುವಾಗ ಆ ಮಗ್ಗವನ್ನು ಅಣ್ಣನೂ ಬಿಡಲಿಲ್ಲ, ತಮ್ಮನೂ ಬಿಡಲಿಲ್ಲ. ಕೊನೆಗೆ ಗರಗಸ ತಂದು ಅರ್ಧರ್ಧ ಮಾಡಿಕೊಂಡರು. ಮರುದಿನವೇ ಪ್ರೇಮ ಮುಧೋಳಕ್ಕೆ ಹೋಗಿ ಮನೆ ಮಾಡಿದ್ದ.

ಇವತ್ತು ಖಂಡೆಪೂಜೆ, ಮಗ್ಗಕ್ಕೂ ಹತ್ಯಾರಗಳಿಗೂ ಆಯುಧಪೂಜೆಯ ದಿನ. ಮಗ್ಗಗಳೆಲ್ಲ ನಿಂತು ಓಣಿ ಅಪರೂಪಕ್ಕೆ ಸುಮ್ಮನಿತ್ತು. "ಇಬ್ಬರೂ ಒಂದ ಪಂಕ್ತ್ಯಾಗ ಕುಂತು ಉಣ್ಣಲಿಲ್ಲಂದ್ರ ನಾನೂ ಉಣ್ಣಂಗಿಲ್ಲ" ಎಂದು ತಾಯಿ ಶೇವಂತಿ ಹಟ ಹಿಡಿದಿದ್ದಕ್ಕೆ ಪ್ರೇಮ ಬಂದಿದ್ದ. ಸುಭಾಷನಿಗೂ ಒಳಗೊಳಗೆ ಅದೇ ಬೇಕಾಗಿತ್ತು. ಮೊದಲು ಯಾರು ಮಾತಾಡಬೇಕು ಎಂಬುದೊಂದೇ ತೊಡಕು. ಪೂಜೆಗೆ ಮುಂಚೆ ಗಾಲಿಯ ಒಳಗಿನ ಕಬ್ಬಿನ ಹೊಲದ ಕೆಸರು ಕೆರೆದು ತೊಳೆಯೋಣವೆಂದು ಗಾಡಿ ಎತ್ತಿದ್ದ. ನಡುವೆ ನೂಲಿನ ವ್ಯಾಪಾರಿಯ ಫೋನು ಬಂತು. ಹತ್ತು ನಿಮಿಷ ಆ ಕಡೆ ಹೋಗಿದ್ದ, ಅಷ್ಟೇ.

"ಅಣ್ಣಾ, ಕೆಳಗ ಹೋಗಬ್ಯಾಡ. ಕೊರಡು..." ಪ್ರೇಮ ಎದ್ದು ನಿಂತ.

"ಕೊರಡು ಎಲ್ಲಿ ಒಗದಿ?"

"ಸಾವಕಾಶ ಕೇಳಣ್ಣಾ, ಒಳಗ ಬಾ, ಹೇಳ್ತೀನಿ."

"ಏನ್ ಕೇಳೂದು? ಜಾಕು ಜಾರಿದ್ರ ನನ್ನ ತಲಿ ಏನಾಗ್ತಿತ್ತು? ಮಾತು ಬಿಟ್ಟಿದ್ದು ಸಾಲಲಿಲ್ಲ, ಜೀವಾನೂ ತಗೀಯಾಕ ಬಂದೀಯೇನು?"

ಅಕ್ಕಪಕ್ಕದ ಬಾಗಿಲುಗಳಲ್ಲಿ ತಲೆಗಳು ಕಾಣಿಸಿಕೊಂಡವು. ಜನ ಕಂಡಷ್ಟೂ ಸುಭಾಷನ ಸಿಟ್ಟಿಗೆ ಗಾಳಿ ಹಾಕಿದಂತಾಯಿತು. ಮಾಲೆ ಹಾಕಿದ್ದ ಮಗ್ಗದ ಕೋಣೆಯ ಕಡೆ ಕೈಯೆತ್ತಿದ.

"ಖಂಡೆಪೂಜಿ ದಿನಾ ಹೇಳಾಕತ್ತೇನಿ, ಎಲ್ಲಾರೂ ಕೇಳ್ರಿ. ಆ ಕೊರಡು ತಗದವರ ಮನಿ ದೀಪಾ ಆರಲಿ!"

ಈ ದಿನ ಮಗ್ಗದ ಮುಂದೆ ಆಡಿದ ಮಾತು ಹುಸಿಯಾಗುವುದಿಲ್ಲ ಎಂಬುದು ಓಣಿಯವರ ನಂಬಿಕೆ. ಜಗಳಗಂಟಿಯರೂ ಅಂದು ನಾಲಗೆಯನ್ನು ಹಿಡಿತದಲ್ಲಿ ಇಟ್ಟುಕೊಳ್ಳುತ್ತಾರೆ. ಹೊಸ್ತಿಲ ಬಳಿ ಸುಭಾಷನ ಮಗಳು ವೈಶಾಲಿ ಚೆಂಡುಹೂ ಪೋಣಿಸುತ್ತ ಕೂತಿದ್ದಳು. ಪ್ರೇಮ ಅವಳತ್ತ ಒಮ್ಮೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

"ಅಣ್ಣಾ, ಆಡಿದ ಮಾತು ಹಿಂದಕ್ಕ ತಗೋ."

"ಯಾಕ, ಅಂಜಿಕಿ ಬಂತೇನು?"

ಪ್ರೇಮ ಬಾಗಿಲುಗಳಲ್ಲಿ ನಿಂತವರ ಕಡೆ ತಿರುಗಿದ. ಎಲ್ಲರಿಗೂ ಕೇಳುವಂತೆ ಹೇಳಿದ: "ನಾನ ತಗದೇನಿ. ಅಣ್ಣ ಅಂದ ಮಾತು ನನ್ನ ಮನೀಗೆ ಇರ್ಲಿ."

ಬೈಕು ಚಾಲೂ ಮಾಡಿ ಹೋಗಿಯೇ ಬಿಟ್ಟ. ಯಾರೂ ತಡೆಯಲಿಲ್ಲ.

ಸುಭಾಷ್ ಕೈಕಾಲು ತೊಳೆದು ಒಳಗೆ ಬಂದ. ನಲವತ್ತು ವರ್ಷ ಮಗ್ಗದ ಸದ್ದಿನಲ್ಲಿ ಬದುಕಿ ಕಿವಿ ಕಳೆದುಕೊಂಡಿದ್ದ ಶೇವಂತಿಗೆ ಹೊರಗಿನ ರಾದ್ಧಾಂತ ಒಂದಕ್ಷರವೂ ಕೇಳಿಸಿರಲಿಲ್ಲ. ದೇವರ ಜಗಲಿಯ ಮುಂದೆ ಕೂತು ಬತ್ತಿ ಹೊಸೆಯುತ್ತಿದ್ದಳು. ಜಗಲಿಯ ಮೇಲೆ ಲಾಳಿ, ಕತ್ತರಿ, ಸುತ್ತಿಗೆ ಸಾಲಾಗಿದ್ದವು. ಅವುಗಳ ನಡುವೆ, ಕುಂಕುಮ ಹಚ್ಚಿಸಿಕೊಂಡು, ಹೂ ಮುಡಿದು, ಎರಡು ಕೊರಡು.

ಅವ್ವ ತೆಗೆದದ್ದು! ತಮ್ಮ ಅದನ್ನು ಕಂಡಿದ್ದಾನೆ. ಹೆತ್ತವಳಿಗೆ ತಗಲಬೇಕಾದ ಶಾಪವನ್ನು ತನ್ನ ಮೇಲೆ ಎಳೆದುಕೊಂಡು ಹೋಗಿದ್ದಾನೆ. ಸುಭಾಷನಿಗೆ ಭೂಮಿ ಬಾಯಿಬಿಟ್ಟರೆ ಇಳಿದುಬಿಡಬೇಕು ಅನಿಸಿತು. ಇಡೀ ಓಣಿಯ ಮುಂದೆ ತಮ್ಮನನ್ನು ಕೊಲೆಗಡುಕ ಮಾಡಿದ್ದ. ಇನ್ನು ಯಾವ ಮುಖ ಹೊತ್ತು ಮುಧೋಳಕ್ಕೆ ಹೋಗುವುದು?

ತಾಯಿಯ ಕಿವಿಯ ಹತ್ತಿರ ಬಾಗಿ ಕೂಗಿದ. "ಯವ್ವಾ, ಗಾಡಿ ಕೆಳಗಿನ ಕೊರಡು ಯಾಕ ತಗದಿ?"

"ನಾ ಯಾಕ ತಗೀಲೋ?" ಎಂದಳು ಶೇವಂತಿ. "ನಿನ್ನೆ ಸಂಜೀಕ ಪೂಜಾಕ ಅಂತ ಹತ್ಯಾರದ ಚೀಲಾ ಕೊಟ್ಟಿಯಲ್ಲಾ, ಅದರಾಗ ಇದ್ದುವು. ನಿಮ್ಮಪ್ಪನ ಮಗ್ಗದ್ದು ಅಂತ ಗುರುತು ಹಿಡದು ಕುಂಕುಮ ಹಚ್ಚೇನಿ. ನಿನ್ನೆಯಿಂದ ಇಲ್ಲೇ ಅದಾವ."

ಸುಭಾಷ್ ಬೆಳಿಗ್ಗೆಯ ಕೆಲಸವನ್ನು ಒಂದೊಂದಾಗಿ ನೆನಪಿಸಿಕೊಂಡ. ಡಿಕ್ಕಿಯಿಂದ ಜಾಕು ತೆಗೆದದ್ದು, ಗಾಡಿ ಎತ್ತಿದ್ದು, ಗಾಲಿ ಬಿಚ್ಚಿದ್ದು, ಫೋನು ಬಂದದ್ದು. ಕೊರಡು ಇಟ್ಟದ್ದು ಮಾತ್ರ ಎಲ್ಲೂ ಇಲ್ಲ. ಯಾವಾಗಲೂ ಇಡುವವನು ಇವತ್ತೂ ಇಟ್ಟಿರುತ್ತೇನೆ ಎಂದುಕೊಂಡಿದ್ದ. ನಾಚಿಕೆಗೆ ಕಿವಿ ಬಿಸಿಯಾದವು.

ಶೇವಂತಿ ಬತ್ತಿಯನ್ನು ಎಣ್ಣೆಗೆ ಅದ್ದುತ್ತ ಹೇಳಿದಳು: "ಪ್ರೇಮನೂ ಬಂದಾವನ ಇದನ್ನ ಕೇಳಿದಾ. 'ನಿಮ್ಮಣ್ಣನ ತನ್ನ ಕೈಯಾರೆ ತಗದು ಕೊಟ್ಟಾನ' ಅಂದೆ. ಅದನ್ನ ಹೇಳಾಕಂತನ ನಿನ್ನ ಕಡೆ ಓಡಿದಾ. ಹೇಳಲಿಲ್ಲೇನು?"