ಹಗುರ ತಾರಸಿ

ಸೆಂಟ್ರಿಂಗಿನ ಆಸರೆ ಬಿಚ್ಚುವಾಗ ತಾರಸಿ ಹಾಕಿದವರು ಅದರ ಕೆಳಗೇ ನಿಲ್ಲಬೇಕೆಂಬುದು ಆ ಕಡೆಯ ವಾಡಿಕೆ. ಹಾಗಾಗಿ ಅಂಗನವಾಡಿಯ ಹೊಸ ತಾರಸಿಯಡಿ, ತಲೆ ನರೆತ ಮೇಸ್ತ್ರಿಯ ಪಕ್ಕದಲ್ಲಿ, ಎಂಜಿನಿಯರ್ ಹುಡುಗಿಯೂ ನಿಂತಿದ್ದಳು.

ಕಾಂಕ್ರೀಟಿನೊಳಗೆ ಖಾಲಿ ಪ್ಲಾಸ್ಟಿಕ್ ಬಾಟಲಿ ಹುದುಗಿಸುವ ಯೋಜನೆ ಅವಳದೇ. ಬಾಟಲಿಯಿಂದ ತಾರಸಿ ಹಗುರವಾಗುತ್ತದೆಂದು ಕಬ್ಬಿಣವನ್ನೂ ಅರ್ಧಕ್ಕೆ ಇಳಿಸಿದ್ದಳು. ಬಾಟಲಿ ಜೋಡಿಸಿದ್ದನ್ನು ಕಣ್ಣಾರೆ ನೋಡಿದ್ದಳು. ಮರುದಿನ ಕಾಂಕ್ರೀಟು ಸುರಿಯುವಾಗ ಮಾತ್ರ ಜ್ವರ ಬಂದು ಮನೆಯಲ್ಲಿ ಮಲಗಿದ್ದಳು.

ಕೆಲಸದವರು ಆಸರೆಯ ಸರ್ವೆ ಕಂಬಗಳನ್ನು ಒಂದೊಂದಾಗಿ ಹೊಡೆದು ಕೆಡವತೊಡಗಿದರು. ಒಂದೊಂದು ಏಟಿಗೂ ಅವಳು ತಲೆಯೆತ್ತಿ ತಾರಸಿಯನ್ನು ನೋಡುತ್ತಿದ್ದಳು. ಮೇಲಿಂದ ಸಿಮೆಂಟಿನ ಪುಡಿ ಉದುರಿ ಕಣ್ಣಿಗೆ ಬಿತ್ತು. ಮೇಸ್ತ್ರಿ ಮಾತ್ರ ಎಲೆಯಡಿಕೆ ಜಗಿಯುತ್ತ ಹಾಯಾಗಿ ನಿಂತಿದ್ದ.

"ನಿಮಗೆ ಭಯ ಆಗಲ್ವಾ ಮೇಸ್ತ್ರಿ?"

"ಯಾತಕ್ಕೆ ಭಯ? ಮೇಲೆ ಆನೆ ಹತ್ತಿಸಿದ್ರೂ ಅಲ್ಲಾಡಲ್ಲ ಬಿಡಿ ಮೇಡಮ್ಮೋರೆ."

ಅವಳಿಗೆ ಹೋದ ಜೀವ ಬಂದಂತಾಯಿತು. ಆದರೂ ಕೇಳಿದಳು. "ಬಾಟ್ಲಿ ಹಾಕೋದೇ ಬೇಡ ಅಂತ ನನ್ನ ಜೊತೆ ಜಗಳಕ್ಕೆ ಬಂದೋರು ನೀವು. ಈಗ ಇಷ್ಟು ಧೈರ್ಯ ಎಲ್ಲಿಂದ ಬಂತು?"

ಕೊನೆಯ ಕಂಬ ಧಡಾರನೆ ನೆಲಕ್ಕೆ ಬಿತ್ತು.

ಮೇಸ್ತ್ರಿ ಅವಳ ಕಿವಿಯ ಹತ್ತಿರ ಬಗ್ಗಿ ಪಿಸುಗುಟ್ಟಿದ. "ಯಾರಿಗೂ ಹೇಳ್ಬೇಡಿ. ಕಬ್ಬಿಣ ನೀವು ಹೇಳಿದಷ್ಟೇ ಹಾಕಿದೀನಿ. ಆದ್ರೆ ಮಕ್ಕಳು ಕೂತ್ಕೊಳ್ಳೋ ಜಾಗ ಅಂತ ಬಾಟ್ಲಿ ಎಲ್ಲಾ ಕಿತ್ತಾಕ್ಸಿ, ಪೂರ್ತಿ ಕಾಂಕ್ರೀಟೇ ತುಂಬ್ಸಿದೀನಿ."