ಹೊಗೆಯ ಕಪ್ಪು

ಮಡಕೆಯನ್ನು ತುಟಿಯ ಬಳಿ ತಂದ ಮಾಖಾಬೆಲಾ ಮುಖ ಕಿವುಚಿದಳು. ಜೋಳದ ಬಿಯರಿನ ಹುಳಿ ವಾಸನೆಯನ್ನೂ ಮೀರಿ ಬೂಟ್ ಪಾಲಿಶ್ ನಾರುತ್ತಿತ್ತು. ಅವಳ ಮಡಕೆಗಳು ಹುಲ್ಲಿನ ಹೊಗೆಯಲ್ಲಿ ಎರಡನೇ ಸಲ ಸುಟ್ಟು ಕಪ್ಪಾಗುವಂಥವು, ಹಸುವಿನ ಕೊಬ್ಬು ಕುಡಿದು ಮಿರುಗುವಂಥವು. ಆ ಕಪ್ಪಿಗಾಗಿಯೇ ಇಂದು ಸಭಾಂಗಣದಲ್ಲಿ ಅವಳಿಗೆ ಸನ್ಮಾನ. ಈ ಮಡಕೆ ಮಾತ್ರ ಅವಳು ಮಾಡಿದ್ದಲ್ಲ.

"ಕುಡೀರಿ ಅಜ್ಜಿ, ಮೊದಲ ಗುಟುಕು ನಿಮ್ದೇ," ಎಂದ ಊರ ಅಧ್ಯಕ್ಷ ಮಬಾಸೊ. "ಬಿಯರ್ ಕೊಡೋರು ಮೊದಲು ಕುಡೀದೆ ನಾವು ಮುಟ್ಟೋ ಹಾಗಿಲ್ವಲ್ಲ. ಎಂಥಾ ಹೊಳಪು ನೋಡ್ರಪ್ಪ, ಇವರ ಕೈ ಬಿಟ್ರೆ ಇನ್ಯಾರಿಗೆ ಬರುತ್ತೆ?"

ಮಡಕೆ ತಂದುಕೊಟ್ಟಿದ್ದ ಮಾಖಾಬೆಲಾಳ ಮಗಳು ಖೆತಿವೆ ಕೈಗಳನ್ನು ಶಾಲಿನೊಳಗೆ ಎಳೆದುಕೊಂಡಳು. ಅಷ್ಟರಲ್ಲಿ ಅವಳ ಉಗುರಿನ ಸಂದಿಯ ಕಪ್ಪು ಮುದುಕಿಯ ಕಣ್ಣಿಗೆ ಬಿದ್ದಾಗಿತ್ತು. ಉಗುರಿಗೆ ಅಂಟಿದ ಹೊಗೆಯ ಮಸಿ ಹಾಗೆ ಮಿಣುಗುವುದಿಲ್ಲ, ಪಾಲಿಶ್ ಮಿಣುಗುತ್ತದೆ.

ಮಾಖಾಬೆಲಾ ಉಗುಳದೆ ಒಂದು ಗುಟುಕು ನುಂಗಿ, ಮುಂಗೈಯಿಂದ ತುಟಿ ಒರೆಸಿಕೊಂಡಳು. ಅಧ್ಯಕ್ಷ ನಗುತ್ತಾ ಕೈ ಚಾಚಿದ. ಅವಳು ಮಡಕೆಯನ್ನು ಅವನಿಗೆ ಕೊಡದೆ ಮಗಳ ಬಾಯಿಗೆ ಹಿಡಿದಳು.

"ಕುಡಿಯೇ," ಎಂದಳು ಮೆಲ್ಲಗೆ. "ತಳ ಕಾಣೋವರೆಗೂ ಕುಡಿ."